ಯಂತ್ರದ ಬೆಲೆ ಕಟ್ಟುವವರಾರು?

ಅಹಮದಾಬಾದಿನಲ್ಲಿ ನೆಲೆಸಿರುವ ನಮಗೆ ಹೊಗೆಯಿಲ್ಲದೆ ನಿಂತ ಗಿರಣಿ ಚಿಮಣಿಗಳು ಹೊಸ ನೋಟವಲ್ಲ. ಅವುಗಳ ಕೆಳಗೆ ಒಂದು ಕಾಲಕ್ಕೆ ಓಡುತ್ತಿದ್ದ ಯಂತ್ರಗಳು ಎಷ್ಟಕ್ಕೆ ಮಾರಿಹೋದವು ಎಂದು ಮಾತ್ರ ನಾವು ಕೇಳುವುದು ಕಡಿಮೆ.

ಈ ನಗರದ ಮೊದಲ ಬಟ್ಟೆ ಗಿರಣಿಯನ್ನು ಸ್ಥಾಪಿಸಿದವರು ರಣಛೋಡಲಾಲ್ ಛೋಟಾಲಾಲ್. ಅವರು ಇಂಗ್ಲೆಂಡಿನಿಂದ ತರಿಸಿದ ಮೊದಲ ಯಂತ್ರಗಳು ಸಮುದ್ರದ ಪಾಲಾದವು. ಅವರು ಎದೆಗುಂದದೆ ಮತ್ತೆ ತರಿಸಿದರು. ಆಗಿನ್ನೂ ಇಲ್ಲಿಗೆ ರೈಲು ಬಂದಿರಲಿಲ್ಲ. ಖಂಭಾತ್ ಬಂದರಿನಿಂದ ಯಂತ್ರಗಳು ಎತ್ತಿನ ಗಾಡಿಗಳಲ್ಲಿ ಬಂದವು. 1861ರಲ್ಲಿ 2,500 ಕದಿರುಗಳೊಡನೆ ಗಿರಣಿ ಆರಂಭವಾಯಿತು.

ಹೀಗೆ ಬೆಳೆದ ಗಿರಣಿಗಳು 1980ರ ದಶಕದಲ್ಲಿ ಒಂದೊಂದಾಗಿ ಮುಚ್ಚತೊಡಗಿದವು. ಮುಚ್ಚಿದ ಕಂಪನಿಯ ಆಸ್ತಿಯಲ್ಲಿ ಕಾರ್ಮಿಕರ ಬಾಕಿಗೂ ಅಡಮಾನ ಪಡೆದ ಬ್ಯಾಂಕುಗಳ ಸಾಲಕ್ಕೂ ಸಮಾನ ಸ್ಥಾನವೆಂದು 1985ರ ಕಾನೂನು ತಿದ್ದುಪಡಿ ಹೇಳಿತು. ಆದರೆ ಹಂಚಬೇಕಾದ್ದು ಮಾರಾಟದಿಂದ ಬಂದ ಹಣವನ್ನೇ ಅಲ್ಲವೆ? ಓಡಬಲ್ಲ ಮಗ್ಗ ಗುಜರಿ ಕಬ್ಬಿಣದ ತೂಕಕ್ಕೆ ಹೋದರೆ ನಷ್ಟ ಮಾಲೀಕನೊಬ್ಬನದಲ್ಲ. ಮೂವತ್ತು ವರ್ಷ ಪಾಳಿ ಮಾಡಿದವನ ಗ್ರಾಚ್ಯುಟಿಯೂ ಕರಗುತ್ತದೆ.

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬುದು ನಮ್ಮ ಗಾದೆ. ಯಂತ್ರಕ್ಕೆ ಆ ಭಾಗ್ಯವಿಲ್ಲ. ಓಡುವಾಗ ಒಂದು ಬೆಲೆ, ಬಿಚ್ಚಿ ಮಾರುವಾಗ ಇನ್ನೊಂದು. ಸವಕಳಿ ಕಳೆದು ಲೆಕ್ಕದ ಪುಸ್ತಕದಲ್ಲಿ ಸೊನ್ನೆಯಾದ ಯಂತ್ರ ಕಾರ್ಖಾನೆಯಲ್ಲಿ ಇನ್ನೂ ದುಡಿಯುತ್ತಿರಬಹುದು. ಆದ್ದರಿಂದ ಬಲ್ಲ ಮೌಲ್ಯಮಾಪಕ ಯಂತ್ರದ ಮುಂದೆ ನಿಂತೇ ಬೆಲೆ ಕಟ್ಟುತ್ತಾನೆ. ತಯಾರಾದ ವರ್ಷ, ದುಡಿದ ಅವಧಿ, ರಿಪೇರಿಯ ದಾಖಲೆ, ಬಿಡಿಭಾಗಗಳ ಲಭ್ಯತೆ, ಅದೇ ಕೆಲಸದ ಹೊಸ ಯಂತ್ರದ ಬೆಲೆ, ಎಲ್ಲವನ್ನೂ ತೂಗುತ್ತಾನೆ.

ಇದಕ್ಕೆ ಯಂತ್ರದ ಒಳಹೊರಗು ತಿಳಿದಿರಬೇಕು. ಆ ವಿದ್ಯೆಗೆ ಗುಜರಾತಿನಲ್ಲಿ ಹಳೆಯ ಬೇರಿದೆ. ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಸೂರತ್ತಿನ ತ್ರಿಭುವನದಾಸ ಗಜ್ಜರ್ 1890ರಲ್ಲಿ ವಡೋದರಾದಲ್ಲಿ ಕಲಾಭವನ ತೆರೆದರು. ಇಂದು ಸಮೀಪದ ವಲ್ಲಭ ವಿದ್ಯಾನಗರದ ಸರ್ದಾರ್ ಪಟೇಲ್ ವಿಶ್ವವಿದ್ಯಾಲಯದಲ್ಲಿ ಯಂತ್ರಗಳ ಮೌಲ್ಯಮಾಪನಕ್ಕೆಂದೇ ಸ್ನಾತಕೋತ್ತರ ಶಿಕ್ಷಣವಿದೆ. 2017ರ ನಿಯಮಗಳು ನೋಂದಾಯಿತ ಮೌಲ್ಯಮಾಪಕರಲ್ಲಿ ಯಂತ್ರಸ್ಥಾವರಗಳಿಗೆ ಪ್ರತ್ಯೇಕ ವರ್ಗವನ್ನೇ ಮಾಡಿವೆ.

ಗಿರಣಿ ಮುಚ್ಚಿದಾಗ ಮಾತ್ರ ಈ ಪ್ರಶ್ನೆ ಏಳುವುದಲ್ಲ. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರು ತಾಪಿಯಲ್ಲಿ ಉಕ್ಕಿ ಸೂರತ್ತನ್ನು ಮುಳುಗಿಸಿತು. ಅಂಥ ಹೊತ್ತಿನಲ್ಲಿ ವಿಮೆಯ ಲೆಕ್ಕ ಹೇಗೆ? ಹತ್ತು ಲಕ್ಷ ಬಾಳುವ ಯಂತ್ರಕ್ಕೆ, ಕಂತು ಉಳಿಸಲೆಂದು, ಐದು ಲಕ್ಷದ ವಿಮೆ ಮಾಡಿಸಿದ್ದರೆ, ನಾಲ್ಕು ಲಕ್ಷದ ಹಾನಿಗೆ ಸಾಮಾನ್ಯವಾಗಿ ಎರಡೇ ಲಕ್ಷ ಸಿಗುತ್ತದೆ. ಅರ್ಧ ವಿಮೆಗೆ ಅರ್ಧ ಪರಿಹಾರ.

ನಮ್ಮವರಲ್ಲೂ ಲೇತ್ ಇಟ್ಟವರಿದ್ದಾರೆ, ಹೋಟೆಲಿನ ಗ್ರೈಂಡರ್ ನಂಬಿ ಬದುಕಿದವರಿದ್ದಾರೆ. ವಿಮೆ ಮಾಡಿಸುವಾಗ, ಪಾಲುದಾರಿಕೆ ಮುರಿಯುವಾಗ, ಅಣ್ಣತಮ್ಮಂದಿರು ಪಾಲಾಗುವಾಗ ಬಾಯಿಮಾತಿನ ಬೆಲೆಗೆ ಒಪ್ಪದಿರೋಣ. ಖರೀದಿಯ ಬಿಲ್ಲು, ರಿಪೇರಿಯ ಚೀಟಿಗಳನ್ನು ಜೋಪಾನವಾಗಿಟ್ಟು ಬಲ್ಲವರಿಂದ ಬೆಲೆ ಕಟ್ಟಿಸೋಣ. ಆಯುಧಪೂಜೆಯ ದಿನ ಕುಂಕುಮವಿಟ್ಟು ಕೈಮುಗಿಯುವ ಯಂತ್ರದ ನಿಜವಾದ ಬೆಲೆ ನಮಗೆ ತಿಳಿದಿರಬೇಡವೆ?