ಹಡಗು ಕಟ್ಟುವ ಪಾಠಶಾಲೆ

ಧಾರವಾಡ ಜಿಲ್ಲೆಗೆ ಕಡಲು ದೂರ. ಆದರೂ ತೊಟ್ಟಿಲಿಗೆ ಹೆಸರಾದ ಕಲಘಟಗಿಯ ಮಳೆನೀರು ಬೇಡ್ತಿ ಹೊಳೆ ಸೇರಿ, ಗಂಗಾವಳಿ ಎನಿಸಿಕೊಂಡು, ಅಂಕೋಲಾ-ಗೋಕರ್ಣಗಳ ನಡುವೆ ಅರಬ್ಬಿ ಸಮುದ್ರ ಸೇರುತ್ತದೆ. ಅಲ್ಲಿಂದ ತುಸು ದಕ್ಷಿಣಕ್ಕೆ ಹೋದರೆ ಮಿರ್ಜಾನ್, ಹೊನ್ನಾವರ. ಒಂದು ಕಾಲಕ್ಕೆ ಇವು ಹಡಗುಗಳ ಊರುಗಳು.

14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ, ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವೆಂದು ದಾಖಲಿಸಿದ್ದಾರೆ. ನಾವು ಈ ಲೆಕ್ಕವನ್ನು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅದರಲ್ಲಿ ಸೇರದ ಇನ್ನೊಂದು ಶಾಲೆ ಈ ಕರಾವಳಿಯಲ್ಲಿತ್ತು. ಅದಕ್ಕೆ ಗೋಡೆಯಿಲ್ಲ, ಪುಸ್ತಕವಿಲ್ಲ; ಹೊಳೆದಂಡೆಯಲ್ಲಿ ಕಟ್ಟುತ್ತಿದ್ದ ಹಡಗೇ ಅದರ ಪಾಠ.

ಈ ವಿದ್ಯೆಯನ್ನು ದೊಡ್ಡ ಪ್ರಮಾಣದಲ್ಲಿ ಸರ್ಕಾರದ ಕೆಲಸಕ್ಕೆ ಹಚ್ಚಲು ಹೊರಟವರು ಟಿಪ್ಪು ಸುಲ್ತಾನರು. ತಂದೆ ಹೈದರಲಿಯವರ ನೌಕೆಗಳನ್ನು 1780ರಲ್ಲಿ ಇಂಗ್ಲಿಷರು ಮಂಗಳೂರಿನಲ್ಲಿ ನಾಶ ಮಾಡಿದ್ದರು. 1796ರ ಹುಕುಂನಾಮೆಯಲ್ಲಿ ಟಿಪ್ಪು 40 ಯುದ್ಧನೌಕೆಗಳ ಯೋಜನೆ ಹಾಕಿದರು. ಮಂಗಳೂರು, ಮಿರ್ಜಾನ್ ಮೊದಲಾದೆಡೆ ಕಾರ್ಖಾನೆಗಳು. ನೌಕೆಯ ಮಾದರಿಯನ್ನು ಸ್ವತಃ ಸುಲ್ತಾನರೇ ಒದಗಿಸಿದರು. ಇದು ಸಣ್ಣ ಸಂಗತಿಯಲ್ಲ. ಬಡಗಿಯ ಕಣ್ಣು ಕಾಗದಕ್ಕಿಂತ ಮರವನ್ನು ಬೇಗ ಓದುತ್ತದೆ. ಆದರೆ 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಯೋಜನೆಯೂ ಮುಗಿಯಿತು.

ಹುಕುಂನಾಮೆಯಿಲ್ಲದ ಶಾಲೆ ಮಾತ್ರ ಉಳಿಯಿತು. ನಮ್ಮ ಕರಾವಳಿಯ ಮಂಜಿಗಳಲ್ಲಿ, ಕೇರಳದ ಬೇಪೂರಿನ ‘ಉರು’ಗಳಲ್ಲಿ ಅದು ಮುಂದುವರಿಯಿತು. ಬೇಪೂರಿನ ಹಿರಿಯ ಮೇಸ್ತ್ರಿ ನಕ್ಷೆ ಬರೆಯುವುದಿಲ್ಲ. ಅಳತೆಯೆಲ್ಲ ಅವನ ತಲೆಯಲ್ಲಿ. ಅಡಿಯ ಉದ್ದನೆಯ ಮರ ಇಟ್ಟು, ಹಲಗೆಗಳನ್ನು ಬಾಗಿಸಿ ಜೋಡಿಸಿ, ಅವುಗಳ ಬಾಗಿಗೆ ತಕ್ಕಂತೆ ಒಳಗಿನ ಪಕ್ಕೆಮರಗಳನ್ನು ಕೂಡಿಸುತ್ತಾರೆ. ಸಂದಿಗೆ ತುಂಬುವುದು ಎಣ್ಣೆಯಲ್ಲಿ ನೆನೆಸಿದ ಹತ್ತಿ. (ನವಲಗುಂದದ ರೈತರು ಕೇಳಿದರೆ ನಕ್ಕಾರು: ಹತ್ತಿ ನೀರು ತಡೆಯುತ್ತದೆಯೇ ಎಂದು!) ಕಲಿಯುವ ಹುಡುಗ ಮೊದಲು ಹಲಗೆ ಹಿಡಿಯುತ್ತಾನೆ, ಆಮೇಲೆ ಉಳಿ, ಬಾಚಿ. ಒಂದು ದೊಡ್ಡ ಉರು ಮುಗಿಯಲು ವರ್ಷಗಳೇ ಬೇಕು. ಅಷ್ಟರಲ್ಲಿ ಅವನು ಅಡಿಯಿಂದ ಮೇಲ್ಗಟ್ಟಿನವರೆಗೆ ಎಲ್ಲವನ್ನೂ ಒಮ್ಮೆ ಕಂಡಿರುತ್ತಾನೆ. ಆಚಾರಿಗಳು ಕಟ್ಟಿದ್ದನ್ನು ಮಾಪಿಳ್ಳೆ ಖಲಾಸಿಗಳು ಹಗ್ಗ, ರಾಟೆ, ಮರದ ದಿಮ್ಮಿಗಳ ಬಲದಿಂದ ನೀರಿಗೆ ಇಳಿಸುತ್ತಾರೆ. ಅದರ ವಿದ್ಯೆಯೂ ಹಾಡಿನ ಲಯದಲ್ಲೇ ಬಾಯಿಂದ ಬಾಯಿಗೆ ಬಂದದ್ದು.

ಈಗ ಮೀನು ಹಿಡಿಯಲು ಫೈಬರ್, ಉಕ್ಕಿನ ದೋಣಿಗಳು ಬಂದಿವೆ. ಒಳ್ಳೆಯ ಮರ ದುಬಾರಿ. ಹಳೆಯ ದೋಣಿಯನ್ನು ಮ್ಯೂಸಿಯಂನಲ್ಲಿ ಇಡಬಹುದು, ಆದರೆ ಅದನ್ನು ನೋಡಿ ಯಾರೂ ಬಾಚಿ ಹಿಡಿಯುವುದನ್ನು ಕಲಿಯಲಾರರು. ಬೇಪೂರಿಗೆ ಗಲ್ಫಿನ ಶ್ರೀಮಂತರಿಂದ ವಿಹಾರದ ಉರುಗಳಿಗೆ ಬೇಡಿಕೆ ಬಂದಿದೆ. ಶೋಕಿಗಾದರೂ ಸರಿ, ಹೊಸ ಉರುವಿನ ಅಡಿಮರ ಇಟ್ಟ ದಿನ ಯಾವನೋ ಒಬ್ಬ ಹುಡುಗನ ಮೊದಲ ಪಾಠ ಶುರುವಾಗುತ್ತದೆ.