ಮೊರೇರ ಗುಡ್ಡ ಹೇಳುವ ಮನುಷ್ಯನ ಕಥೆ

ನಮ್ಮ ಸರಕಾರಿ ಪ್ರೌಢಶಾಲೆ 50 ವರ್ಷ ಪೂರೈಸಿ ಸುವರ್ಣ ಮಹೋತ್ಸವ ಆಚರಿಸುತ್ತಿರುವುದು ನಮಗೆಲ್ಲ ಹೆಮ್ಮೆಯ ಸಂಗತಿ. ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಗುರುಗಳು ಕೇಳಿದಾಗ ನಾನು ಆರಿಸಿಕೊಂಡದ್ದು ಈ 50 ವರ್ಷಗಳಿಗಿಂತ ಬಹಳ ಹಿಂದಿನ ಇತಿಹಾಸ. ಮನುಷ್ಯನೆಂಬ ಪ್ರಾಣಿ ಈ ಭೂಮಿಯ ಮೇಲೆ ಉಳಿದದ್ದು ಯಾವ ಗುಣದಿಂದ? ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. ನಮ್ಮ ಸೀಮೆಯ ಕಲ್ಲುಗಳೇ ಸಾಕಷ್ಟು ಹೇಳುತ್ತವೆ.

ಬಲದಲ್ಲಿ ನಾವು ದೊಡ್ಡವರಲ್ಲ. ಎತ್ತಿನ ಶಕ್ತಿ ಇಲ್ಲ, ಚಿರತೆಯ ಓಟವಿಲ್ಲ, ಕರಡಿಯ ಉಗುರಿಲ್ಲ. ಎಮ್ಮೆಯ ಕರು ಹುಟ್ಟಿದ ಒಂದೆರಡು ತಾಸಿನಲ್ಲಿ ಎದ್ದು ನಿಲ್ಲುತ್ತದೆ. ನಮ್ಮ ಕೂಸು ಹೆಜ್ಜೆ ಇಡಲು ಒಂದು ವರ್ಷ ಬೇಕು, ತನ್ನ ಅನ್ನ ತಾನು ದುಡಿಯಲು ಹದಿನೈದಿಪ್ಪತ್ತು ವರ್ಷ ಬೇಕು. ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮೆದುಳು ನಾವು ಸುಮ್ಮನೆ ಕುಳಿತಾಗಲೂ ದೇಹದ ಶಕ್ತಿಯಲ್ಲಿ ಶೇ. 20ರಷ್ಟನ್ನು ತಿನ್ನುತ್ತದೆ. ಮೇಲ್ನೋಟಕ್ಕೆ ಇದು ನಷ್ಟದ ವ್ಯವಹಾರ. ಆದರೆ ಆ ದೀರ್ಘ ಬಾಲ್ಯವೇ ಕಲಿಯುವ ಕಾಲ. ಹಿರಿಯರು ಕಂಡುಕೊಂಡದ್ದನ್ನು ಕಿರಿಯರು ಮತ್ತೆ ಮೊದಲಿನಿಂದ ಹುಡುಕಬೇಕಿಲ್ಲ.

ಈ ಕಲಿಕೆಯ ಗುರುತುಗಳು ನಮ್ಮ ನೆರೆಯಲ್ಲೇ ಇವೆ. ಯಾದಗಿರಿ ಜಿಲ್ಲೆಯ ಹುಣಸಗಿ ಬಳಿಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರು ಉತ್ಖನನ ಮಾಡಿದಾಗ ಆದಿಮಾನವರು ಕಲ್ಲಿನ ಆಯುಧ ತಯಾರಿಸುತ್ತಿದ್ದ ಜಾಗವೇ ಸಿಕ್ಕಿತು. ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದೆ ಎಂದು ಅಂದಾಜಿಸಲಾಗಿದೆ. ನಮ್ಮ ಜಾತಿಯ ಮನುಷ್ಯ, ಅಂದರೆ ಹೋಮೋ ಸೇಪಿಯನ್ಸ್, ಆಫ್ರಿಕಾದಲ್ಲಿ ಕಾಣಿಸಿಕೊಂಡು ಸುಮಾರು 3 ಲಕ್ಷ ವರ್ಷವಷ್ಟೇ ಆಯಿತು. ಆದ್ದರಿಂದ ಇಸಾಂಪುರದ ಕೈಕೊಡಲಿಗಳು ನಮಗಿಂತ ಮುಂಚಿನ ಮಾನವರದ್ದು. ಅಂಥ ಕೊಡಲಿಗಳ ರೂಪ ಲಕ್ಷಾಂತರ ವರ್ಷ ಹೆಚ್ಚು ಬದಲಾಗಲಿಲ್ಲ. ನಮ್ಮ ಜಾತಿಯವರು ಬಂದ ಮೇಲೆ ಬದಲಾವಣೆ ವೇಗ ಪಡೆಯಿತು. ಒಬ್ಬ ಕಲಿತದ್ದಕ್ಕೆ ಇನ್ನೊಬ್ಬ ತನ್ನದನ್ನು ಸೇರಿಸಿ ಮುಂದಿನವನಿಗೆ ಕೊಡುವ ಪದ್ಧತಿ ಬೆಳೆಯಿತು. ಈಗ ನಾನು ಮಾಡುವ ಸಾಫ್ಟ್‌ವೇರ್ ಕೆಲಸವೂ ಹಾಗೆಯೇ ನಡೆಯುತ್ತದೆ. ಯಾರೂ ಸೊನ್ನೆಯಿಂದ ಬರೆಯುವುದಿಲ್ಲ. ಹಿಂದಿನವರು ಬರೆದಿಟ್ಟದ್ದರ ಮೇಲೆ ನಾಲ್ಕು ಸಾಲು ಸೇರಿಸುತ್ತೇವೆ.

ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ಸುಮಾರು 4000 ವರ್ಷಗಳ ಹಿಂದಿನ ಹುರಳಿ ಮತ್ತು ಹೆಸರಿನ ಸುಟ್ಟ ಕಾಳುಗಳು ಸಿಕ್ಕಿವೆ. ಕುಷ್ಟಗಿ, ಯಲಬುರ್ಗಾ ಸೀಮೆಯ ಮಸಾರಿ ಹೊಲಗಳಲ್ಲಿ ಇಂದಿಗೂ ಅವನ್ನೇ ಬಿತ್ತುತ್ತೇವೆ. ಯಾವ ಮಳೆಗೆ ಬಿತ್ತಬೇಕು, ಬೀಜ ಹೇಗೆ ಕಾಯಬೇಕು ಎಂಬುದನ್ನು ಒಂದು ತಲೆಮಾರು ಇನ್ನೊಂದಕ್ಕೆ ಹೇಳಿಕೊಡುತ್ತ ಬಂದದ್ದರಿಂದ ಆ ಕಾಳು ನಮ್ಮ ತಾಟಿಗೆ ಬಂದಿದೆ. ಈ ಸರಪಳಿ ತುಂಡಾಗಲಿಲ್ಲ.

ತುಂಡಾದ ಸರಪಳಿಯನ್ನು ನೋಡಬೇಕೆಂದರೆ ಗಂಗಾವತಿಯಿಂದ ಸುಮಾರು 10 ಕಿ.ಮೀ. ದೂರದ ಹಿರೇಬೆಣಕಲ್ಲಿಗೆ ಹೋಗಬೇಕು. ಊರಿನ ಹತ್ತಿರದ ಗುಡ್ಡದ ಮೇಲೆ ನಾಲ್ಕುನೂರರಷ್ಟು ಶಿಲಾಗೋರಿಗಳಿವೆ. ಅವು ಸುಮಾರು ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವಿನವು. ಅಲ್ಲೇ ಬಂಡೆಯಿಂದ ಎಬ್ಬಿಸಿದ ಗ್ರಾನೈಟ್ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ದೊಡ್ಡ ಚಪ್ಪಡಿಗಳು ಟನ್‌ಗಟ್ಟಲೆ ತೂಗುತ್ತವೆ. ಒಬ್ಬಿಬ್ಬರ ಕೆಲಸ ಇದಲ್ಲ. ಬಾರಿಸಿದರೆ ದೂರದವರೆಗೆ ಕೇಳುವ ಒಂದು ಕಲ್ಲಿನ ನಗಾರಿಯೂ ಅಲ್ಲಿದೆ. ಜನರನ್ನು ಕೂಡಿಸಿ, ಕೆಲಸ ಹಂಚಿ, ಸತ್ತವರನ್ನು ನೆನಪಿನಲ್ಲಿ ಇಟ್ಟುಕೊಂಡ ಸಮಾಜ ಅದು.

ಆದರೆ ಆ ವಿದ್ಯೆಯನ್ನು ಹೇಳಿಕೊಡುವವರು ಒಂದು ಕಾಲಕ್ಕೆ ಇಲ್ಲವಾದರು. ಆಮೇಲೆ ಬಂದವರಿಗೆ ಇವು ಗೋರಿಗಳೆಂದೇ ತಿಳಿಯಲಿಲ್ಲ. ಮನೆಗಳೆಂದುಕೊಂಡರು. ಇಷ್ಟು ಚಿಕ್ಕ ಮನೆಯಲ್ಲಿ, ಇಷ್ಟು ಸಣ್ಣ ಕಿಂಡಿಯಲ್ಲಿ ಹೋಗಿ ಬರುತ್ತಿದ್ದವರು ಕುಳ್ಳರೇ ಇರಬೇಕೆಂದು ತರ್ಕ ಮಾಡಿದರು. ಹೀಗೆ "ಮೊರೇರ ಮನಿ" ಎಂಬ ಹೆಸರು, ಕುಳ್ಳ ಮೊರೇರ ಕಥೆ ಹುಟ್ಟಿದವು. 19ನೇ ಶತಮಾನದಲ್ಲಿ ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಕೂಡ ಈ ನಂಬಿಕೆಯನ್ನು ಬರೆದಿಟ್ಟಿದ್ದಾನೆ. ಕಟ್ಟಿದವರು ನಮ್ಮಂಥದ್ದೇ ಮೈಕಟ್ಟಿನ ಮನುಷ್ಯರು. ಕಲಿಸುವುದು ನಿಂತರೆ ಮನುಷ್ಯರು ಮಾಡಿದ ಕೆಲಸವೂ ಬೇರೆ ಯಾರದೋ ಆಗಿಬಿಡುತ್ತದೆ.

ಬರೆದಿಟ್ಟರೆ ಸಾಕಲ್ಲವೇ ಎಂದು ಕೇಳಬಹುದು. ಅದಕ್ಕೂ ಉತ್ತರ ಕೊಪ್ಪಳದಲ್ಲೇ ಇದೆ. ಕ್ರಿ.ಪೂ. 3ನೇ ಶತಮಾನದಲ್ಲಿ ಗವಿಮಠದ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವನ್ನು ಬ್ರಾಹ್ಮಿ ಲಿಪಿಯಲ್ಲಿ ಕೆತ್ತಿದರು. ಅಕ್ಷರ ಬಂಡೆಯ ಮೇಲೆ ಗಟ್ಟಿಯಾಗಿ ಉಳಿಯಿತು, ಓದುವ ವಿದ್ಯೆ ಮಾತ್ರ ಮರೆಯಾಯಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸುವವರೆಗೆ ಇಡೀ ದೇಶದಲ್ಲಿ ಅದನ್ನು ಓದಬಲ್ಲವರು ಇರಲಿಲ್ಲ. ಕೊಪ್ಪಳದ ಶಾಸನ ವಿದ್ವಾಂಸರ ಗಮನಕ್ಕೆ ಬಂದದ್ದು 1931ರಲ್ಲಿ. ಅದರ ಸಾರ ಇಷ್ಟು: ಉನ್ನತಿ ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸಿಗುತ್ತದೆ. ಸರಕಾರಿ ಶಾಲೆಯ ಗೋಡೆಯ ಮೇಲೆ ಬರೆಸಲು ಇದಕ್ಕಿಂತ ಒಳ್ಳೆಯ ಮಾತು ನನಗೆ ತೋಚುವುದಿಲ್ಲ.

ಮನುಷ್ಯನನ್ನು ಉಳಿಸಿದ ಗುಣ ಹೇಳಿಕೊಡುವುದು ಮತ್ತು ಕೇಳಿ ಕಲಿಯುವುದು ಎಂದಮೇಲೆ, ಊರಿನ ಶಾಲೆ ಆ ಹಳೆಯ ಕೆಲಸದ ಇಂದಿನ ರೂಪ. ಅದು ಸುಲಭವಾಗಿ ತುಂಡಾಗುತ್ತದೆ ಎಂಬುದೂ ನಮಗೆ ಗೊತ್ತು. ಮಳೆ ಕೈಕೊಟ್ಟ ವರ್ಷ ಮನೆಮಂದಿಯೆಲ್ಲ ಗುಳೆ ಹೋಗುತ್ತಾರೆ, ಅವರೊಂದಿಗೆ ಒಂಬತ್ತನೇ ತರಗತಿಯ ಹುಡುಗಿಯೂ ಹೋಗುತ್ತಾಳೆ. ಮರಳಿ ಬಂದಾಗ ಅವಳ ಪಾಠ ಬಹಳ ಮುಂದೆ ಹೋಗಿರುತ್ತದೆ. ಆ ಮಗುವನ್ನು ಅಜ್ಜಿಯ ಮನೆಯಲ್ಲೋ ವಸತಿ ನಿಲಯದಲ್ಲೋ ಉಳಿಸಿ ಓದಿಸುವುದು ಊರವರೆಲ್ಲರ ಕೆಲಸ. ದೂರದ ಊರುಗಳಲ್ಲಿ ದುಡಿಯುತ್ತಿರುವ ನಾವು ಹಳೆಯ ವಿದ್ಯಾರ್ಥಿಗಳು ಅದರ ಖರ್ಚಿಗೆ ಹೆಗಲು ಕೊಡಬೇಕು.

ಇನ್ನೊಂದು ವಿನಂತಿ. ಹಿರೇಬೆಣಕಲ್ 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಆದರೂ ನಿಧಿಯ ಆಸೆಗೆ ಕೆಡವಿದ ಗೋರಿಗಳು ಅಲ್ಲಿ ಕಣ್ಣಿಗೆ ಬೀಳುತ್ತವೆ. ಪ್ರತಿ ವರ್ಷ ಎಂಟನೇ ತರಗತಿಯ ಮಕ್ಕಳನ್ನು ಒಮ್ಮೆ ಆ ಗುಡ್ಡ ಹತ್ತಿಸೋಣ. ಕಟ್ಟಿದವರು ಕುಳ್ಳರಲ್ಲ, ನಮ್ಮಂಥವರೇ ಎಂದು ಅಲ್ಲೇ ನಿಂತು ಹೇಳೋಣ. ಹಾಗೆ ಕೇಳಿಸಿಕೊಂಡ ಮಗು ದೊಡ್ಡದಾದ ಮೇಲೆ ಆ ಕಲ್ಲಿಗೆ ಹಾರೆ ಹಾಕುವುದಿಲ್ಲ.

ಶಾಲೆ ನೂರು ತುಂಬಲಿ.