ಸುರಪುರದ ಅಪ್ಪ, ಹೈದರಾಬಾದಿನ ಮಾಸ್ತರ

ತಂಡ ಕಟ್ಟುವವನಿಗೆ ಆಟ ಗೊತ್ತಿದ್ದರೆ ಸಾಲದು, ಆಡುವವರೂ ಗೊತ್ತಿರಬೇಕು. 1956ರವರೆಗೆ ಸುರಪುರ ಸೇರಿದ್ದ ಹೈದರಾಬಾದ್ ರಾಜ್ಯದಲ್ಲೇ ಇದಕ್ಕೆ ಒಳ್ಳೆಯ ಪುರಾವೆ ಇದೆ. ಸೈಯದ್ ಅಬ್ದುಲ್ ರಹೀಂ ವೃತ್ತಿಯಿಂದ ಶಾಲಾ ಮಾಸ್ತರ. ಹೈದರಾಬಾದಿನ ಸಿಟಿ ಪೊಲೀಸ್ ತಂಡವನ್ನು ಬೆಳೆಸಿದ ಅವರು 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ತರಬೇತುದಾರರಾಗಿ ಭಾರತಕ್ಕೆ ಫುಟ್‌ಬಾಲ್ ಚಿನ್ನ ತಂದರು; 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ತಂಡ ನಾಲ್ಕನೆಯದಾಯಿತು. ಗೆದ್ದದ್ದು ಅವರ ತಂತ್ರದಿಂದ, ಮನುಷ್ಯರ ಮಾತೇಕೆ ಎಂದು ಕೇಳಬಹುದು. ತಂತ್ರದಲ್ಲಿ ಅವರು ನಿಪುಣರೇ. ಆದರೆ 1962ರ ಜಕಾರ್ತ ಕೂಟದಲ್ಲಿ ತಲೆಗೆ ಹೊಲಿಗೆ ಬಿದ್ದಿದ್ದ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್‌ರನ್ನು ಅವರು ಮುಂಚೂಣಿಗೆ ಕಳಿಸಿದರು. ದಕ್ಷಿಣ ಕೊರಿಯಾ ವಿರುದ್ಧದ ಫೈನಲ್‌ನಲ್ಲಿ ಭಾರತದ ಎರಡು ಗೋಲುಗಳಲ್ಲಿ ಒಂದು ಜರ್ನೈಲರದು. ಬರೀ ಲೆಕ್ಕ ನೋಡುವವನು ಅಂಥವನನ್ನು ಹೊರಗೆ ಕೂರಿಸುತ್ತಿದ್ದ. ಈ ಮನುಷ್ಯ ನೋವನ್ನು ನುಂಗಿ ಆಡಬಲ್ಲ ಎಂಬ ಭರವಸೆ ಒಡನಾಟದಿಂದಷ್ಟೇ ಹುಟ್ಟುತ್ತದೆ.

ಮನುಷ್ಯರನ್ನು ಅರಿಯುವ ಇದೇ ವಿದ್ಯೆಯ ಬಲವನ್ನೂ ಮಿತಿಯನ್ನೂ ಇನ್ನಷ್ಟು ಸ್ಪಷ್ಟವಾಗಿ ಕಾಣಿಸುವುದು ಸುರಪುರದ ಚರಿತ್ರೆ. 1705ರಲ್ಲಿ ಔರಂಗಜೇಬ ತನ್ನ ಕೊನೆಯ ದೊಡ್ಡ ದಂಡಯಾತ್ರೆಯಲ್ಲಿ ವಾಗಣಗೇರಾ ಕೋಟೆಯನ್ನು ಹಿಡಿದ. ಅಲ್ಲಿನ ಬೇಡ ದೊರೆ ಪಿಡ್ಡ ನಾಯಕ ತಪ್ಪಿಸಿಕೊಂಡ, ಬೇಡರು ತಲೆಬಾಗಲಿಲ್ಲ. ಸುಮಾರು 140 ವರ್ಷಗಳ ನಂತರ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಗಾದಿಗೆ ಉಳಿದವನು ಚಿಕ್ಕ ಹುಡುಗ ವೆಂಕಟಪ್ಪ. ಆಡಳಿತದ ಹಿಡಿತಕ್ಕಾಗಿ ಒಂದು ಕಡೆ ರಾಣಿ ಈಶ್ವರಮ್ಮ, ಇನ್ನೊಂದು ಕಡೆ ಹುಡುಗನ ಚಿಕ್ಕಪ್ಪ. ಸುತ್ತ ಆಯುಧಪಾಣಿ ಬೇಡರು, ಮೇಲೆ ನಿಜಾಮನಿಗೆ ಸಲ್ಲಬೇಕಾದ ಬಾಕಿ. ಅಲ್ಲಿಗೆ ಬಂದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಕಲಹ ಯುದ್ಧಕ್ಕೆ ತಿರುಗದಂತೆ ನೋಡಿಕೊಂಡ, ಸಂಸ್ಥಾನದ ಹಣಕಾಸನ್ನು ನೇರ್ಪಡಿಸಿದ, 1853ರವರೆಗೆ ಅಲ್ಲೇ ನಿಂತ. ಗುಡ್ಡದ ಮೇಲೆ ಅವನು ಕಟ್ಟಿಸಿದ ಟೇಲರ್ ಮಂಜಿಲ್ ಇಂದಿಗೂ ಇದೆ. ವೆಂಕಟಪ್ಪ ಅವನನ್ನು ಕರೆಯುತ್ತಿದ್ದುದು 'ಅಪ್ಪ' ಎಂದು.

ಟೇಲರ್ ವಿಶ್ವಾಸ ಗಳಿಸಿದ ಎಂಬ ಮಾತಿಗೆ ಎರಡು ಆಕ್ಷೇಪಗಳಿವೆ, ಎರಡೂ ತೂಕದವು. ಈ ಕಥೆಯ ಬಹುಪಾಲು ಟೇಲರನೇ ಬರೆದ, 1877ರಲ್ಲಿ ಅಚ್ಚಾದ ಆತ್ಮಕಥೆಯಿಂದ ಬಂದದ್ದು. ಆಳುವವನು ತನ್ನನ್ನು ಹೊಗಳಿಕೊಂಡಿರಬಹುದು. ಪ್ರೀತಿಯ ಹಿಂದೆ ಪರರ ಅಧಿಕಾರವೂ ನಿಂತಿತ್ತು, ಅದನ್ನು ಮರೆಯಬಾರದು. ಆದರೂ ಅದೇ ಪುಸ್ತಕ ಅವನ ಸೋಲನ್ನೂ ದಾಖಲಿಸಿದೆ. ಎರಡನೆಯದು: ಅಷ್ಟು ವಿಶ್ವಾಸ ಗಳಿಸಿದ್ದರೆ 1858ರಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಬಂಡೆದ್ದದ್ದೇಕೆ? ನನ್ನ ಉತ್ತರ ಇಷ್ಟು. ಹುಡುಗ ನಂಬಿದ್ದು ಟೇಲರನನ್ನು, ಕಂಪನಿ ಸರ್ಕಾರವನ್ನಲ್ಲ. 1853ರಲ್ಲಿ ಟೇಲರ್ ಹೊರಟ ಮೇಲೆ ಆ ನಂಬಿಕೆಗೆ ವಾರಸುದಾರರಿರಲಿಲ್ಲ. ಬಂಡಾಯ ಸೋತು ಸೆರೆಯಾದ ಮೇಲೆ, ಸೆರೆಮನೆಗೆ ಬಂದು ನೋಡಿದ 'ಅಪ್ಪ'ನ ಮುಂದೆಯೂ, ತನ್ನ ಜೊತೆಗಿದ್ದವರ ಹೆಸರು ಹೇಳಲು ರಾಜ ಒಪ್ಪಲಿಲ್ಲ. ಒಬ್ಬನ ಮೇಲೆ ಪ್ರೀತಿ, ತನ್ನವರ ಮೇಲೆ ನಿಷ್ಠೆ, ಎರಡನ್ನೂ ಆ ಎಳೆಯ ಅರಸು ಕಾಪಾಡಿಕೊಂಡ. ಜೀವಾವಧಿ ಗಡೀಪಾರಿನ ಶಿಕ್ಷೆ ನಾಲ್ಕು ವರ್ಷದ ಸೆರೆಗೆ ಇಳಿದಿದ್ದರೂ ಸಾಗಿಸುವ ದಾರಿಯಲ್ಲೇ ಗುಂಡೇಟಿನಿಂದ ಸತ್ತ. ಸಂಸ್ಥಾನ ನಿಜಾಮನ ಪಾಲಾಯಿತು. ವೆಂಕಟಪ್ಪನನ್ನು ನೆನೆದಾಗ ನನಗೆ ಮೊದಲು ತೋರುವುದು ಗೌರವ.

ರಹೀಂ 1963ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ನಂತರ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಭಾರತಕ್ಕೆ ಮತ್ತೆ ಬಂದಿಲ್ಲ. ಕಾರಣಗಳು ಹಲವು, ಒಬ್ಬನ ಸಾವಿಗೆ ಎಲ್ಲವನ್ನೂ ಕಟ್ಟಲಾಗದು. ಆದರೆ ಸುರಪುರದಲ್ಲಾಗಲಿ ಹೈದರಾಬಾದಿನಲ್ಲಾಗಲಿ, ವರ್ಷಗಟ್ಟಲೆ ಗಳಿಸಿದ ವಿಶ್ವಾಸವನ್ನು ಮುಂದಿನವನ ಕೈಗೆ ದಾಟಿಸುವ ಏರ್ಪಾಡು ಇರಲಿಲ್ಲ. ಯಾದಗಿರಿ, ಶಹಾಪುರ, ಸುರಪುರದ ಶಾಲೆಗಳ ಪಿ.ಟಿ. ಮಾಸ್ತರರನ್ನು ವರ್ಗ ಮಾಡುವವರಲ್ಲಿ ನನ್ನ ಬೇಡಿಕೆ ಇದು: ಹಳಬರು ಹೊರಡುವ ಮುನ್ನ ಹೊಸಬರು ಒಂದು ವರ್ಷವಾದರೂ ಅವರ ಪಕ್ಕದಲ್ಲಿ ನಿಂತು ಆ ಮಕ್ಕಳನ್ನು ಪರಿಚಯ ಮಾಡಿಕೊಳ್ಳಲಿ.